‘ನಿದ್ದೆ ಬರಲ್ಲ ಸಾಮಿ’ ಅಂದ ಅಜ್ಜಿ

ಇಲ್ಲಿ ಅಮೆರಿಕದಲ್ಲಿ ಸೈಕಿಯಾಟ್ರಿ ರೆಸಿಡೆನ್ಸಿಗೆ, ಅಂದರೆ ಮನೋರೋಗ ತಜ್ಞರಾಗುವ ತರಬೇತಿಗೆ, ಅರ್ಜಿ ಹಾಕಿದಾಗ ಒಂದು ಪ್ರಶ್ನೆ ಮಾತ್ರ ಯಾವ ಸಂದರ್ಶನದಲ್ಲೂ ತಪ್ಪಲಿಲ್ಲ: ಈ ವಿಭಾಗವೇ ಯಾಕೆ? ಪ್ರತಿ ಸಲವೂ ನಾನು ಕೋಲಾರದಲ್ಲಿ ಕಂಡ ಒಬ್ಬ ಅಜ್ಜಿಯ ವಿಷಯ ಹೇಳಿದೆ.

ಆಗ ನಾನು ಹೌಸ್ ಸರ್ಜನ್. ಮನೋರೋಗ ವಿಭಾಗದಲ್ಲಿ ಎರಡು ವಾರ ಪೋಸ್ಟಿಂಗ್. ಮುಳಬಾಗಿಲು ಕಡೆಯ ಹಳ್ಳಿಯ ಅಜ್ಜಿ, ವಿಭಾಗದ ಹಿರಿಯ ಡಾಕ್ಟರಾದ ನಮ್ಮ ಸರ್ ಕನ್ನಡದಲ್ಲಿ ಏನು ಕೇಳಿದರೂ ‘ನಿದ್ದೆ ಬರಲ್ಲ ಸಾಮಿ’ ಅನ್ನುವುದು, ಸುಮ್ಮನಾಗುವುದು. ಅಜ್ಜಿಯ ಮನೆಮಾತು ತೆಲುಗು, ನಮ್ಮ ಮನೆಯಲ್ಲೂ ತೆಲುಗೇ. ಪಕ್ಕದಲ್ಲಿ ಕೂತು ‘ಏಮಾಯೆ ಅವ್ವಾ?’ ಅಂದೆ. ‘ಗುಂಡೆ ದಡದಡ ಅಂಟುಂದಮ್ಮಾ’ (ಎದೆ ದಡದಡ ಅನ್ನುತ್ತಮ್ಮಾ) ಅಂತ ಶುರುವಾಯಿತು. ತೀರಿಕೊಂಡ ಮಗ ರಾತ್ರಿ ಬಾಗಿಲಲ್ಲಿ ನಿಂತು ಕರೆಯುತ್ತಾನೆ, ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದ್ದಾರೆ, ಒಂದು ತಿಂಗಳಿಂದ ಊಟ ಸೇರುತ್ತಿಲ್ಲ. ನಿದ್ದೆ ಮಾತ್ರೆ ಬರೆಯಲು ತೆಗೆದಿದ್ದ ಪೆನ್ನನ್ನು ಸರ್ ಕೆಳಗಿಟ್ಟರು. ಸಕ್ಕರೆ ಕಾಯಿಲೆಗಾದರೆ ರಕ್ತ ಪರೀಕ್ಷೆ ಇದೆ. ನಮ್ಮ ವಿಭಾಗದಲ್ಲಿ ರೋಗಿಯ ಮಾತೇ ಮುಖ್ಯ ಪರೀಕ್ಷೆ. ಅದು ಅವತ್ತು ನನಗೆ ಮನದಟ್ಟಾಯಿತು.

ಊರಿನ ಜೂನಿಯರ್‌ಗಳು ಫೋನ್ ಮಾಡಿ ದಾರಿ ಕೇಳುತ್ತಿರುತ್ತಾರೆ. ಅಮೆರಿಕದಲ್ಲಿ ವೈದ್ಯರಾಗಲು ಬರೆಯಬೇಕಾದ ಪರೀಕ್ಷೆ ಯುಎಸ್‌ಎಂಎಲ್‌ಇ. ಅದರ ಮೊದಲ ಹಂತವಾದ ಸ್ಟೆಪ್ 1ಕ್ಕೆ 2022ರಿಂದ ಅಂಕವಿಲ್ಲ, ಪಾಸ್ ಅಥವಾ ಫೇಲ್ ಅಷ್ಟೇ. ಹಾಗಾಗಿ ಎರಡನೇ ಹಂತದ ಪರೀಕ್ಷೆ ಸ್ಟೆಪ್ 2 ಸಿಕೆಯ ಅಂಕದ ಮೇಲೆ ಎಲ್ಲರ ಕಣ್ಣು. ಅರ್ಜಿ ಸೆಪ್ಟೆಂಬರ್‌ನಲ್ಲಿ, ಆಮೇಲೆ ಚಳಿಗಾಲವೆಲ್ಲ ಸಂದರ್ಶನ. ಕೊನೆಗೆ ನಾವು ಆಸ್ಪತ್ರೆಗಳನ್ನು, ಆಸ್ಪತ್ರೆಗಳು ನಮ್ಮನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು, ಎರಡನ್ನೂ ಕಂಪ್ಯೂಟರ್ ಜೋಡಿಸುತ್ತದೆ. ‘ಆ ದೊಡ್ಡ ಆಸ್ಪತ್ರೆ ನಮಗೆಲ್ಲಿ ಸಿಗುತ್ತೆ’ ಅಂತ ಅದನ್ನು ಕೆಳಗೆ ಹಾಕಬೇಡಿ. ಮೇಲೆ ಬರೆದದ್ದು ಸಿಗದಿದ್ದರೆ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ಈ ಲೆಕ್ಕದ ಕೆಲಸಕ್ಕೇ 2012ರಲ್ಲಿ ರಾತ್ ಮತ್ತು ಶಾಪ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಮಾರ್ಚ್‌ನಲ್ಲಿ ಸೋಮವಾರ ಸೀಟು ಸಿಕ್ಕಿತೋ ಇಲ್ಲವೋ ಗೊತ್ತಾಗುತ್ತದೆ, ಎಲ್ಲಿ ಅನ್ನುವುದು ಶುಕ್ರವಾರ. ನಡುವಿನ ಆ ನಾಲ್ಕು ದಿನ ನನಗೆ ಅನ್ನ ಇಳಿಯಲಿಲ್ಲ.

ಅರ್ಜಿಯ ಜೊತೆ ನಮ್ಮ ಬಗ್ಗೆ ನಾವೇ ಬರೆದುಕೊಡುವ ಪರ್ಸನಲ್ ಸ್ಟೇಟ್‌ಮೆಂಟ್‌ಗೆ ಸಾಕಷ್ಟು ಸಮಯ ಕೊಡಿ. ನನ್ನ ಮೊದಲ ಕರಡಿನ ತುಂಬ ರ‍್ಯಾಂಕು, ಪದಕ. ಹರಿದು ಹಾಕಿ ಅಜ್ಜಿಯಿಂದ ಶುರು ಮಾಡಿದೆ. ಗಾಳಿ ಸೋಕುವುದನ್ನು ಇಂಗ್ಲಿಷಿನಲ್ಲಿ ಹೇಳಲು ಒಂದು ಇಡೀ ವಾರ ಹಿಡಿಯಿತು.

ತರಬೇತಿ ನಾಲ್ಕು ವರ್ಷ. ಮೊದಲ ವರ್ಷದ ಬಹುಪಾಲು ಮೆಡಿಸಿನ್, ನ್ಯೂರಾಲಜಿ ವಾರ್ಡುಗಳಲ್ಲೇ ಕಳೆಯಿತು. ಮನೋರೋಗ ವಾರ್ಡಿಗೆ ಬಂದ ಮೇಲೆ ಸ್ಪ್ಯಾನಿಷ್ ಮಾತ್ರ ಬಲ್ಲ ರೋಗಿಗಳು ಸಿಕ್ಕರು. ಫೋನಿನಲ್ಲಿ ದುಭಾಷಿ. ಒಬ್ಬಾಕೆ ‘ನೆರ್ವಿಯೋಸ್’ (ಅಕ್ಷರಶಃ ‘ನರಗಳು’) ಅಂದರು, ದುಭಾಷಿ ‘ನರ್ವಸ್’ ಅಂದುಬಿಟ್ಟರು. ನನಗೆ ನಮ್ಮೂರಿನ ‘ನರ ವೀಕು’ ನೆನಪಾಯಿತು. ಆ ಎರಡು ಪದದಲ್ಲಿ ನಮ್ಮ ಜನ ಭಯ, ದುಃಖ, ಸಾಲ, ಸಂಕಟ ಎಲ್ಲ ಸೇರಿಸಿಬಿಡುತ್ತಾರೆ. ‘ಅದು ಬಂದಾಗ ಮೈಯಲ್ಲಿ ಎಲ್ಲಿ ಏನಾಗುತ್ತೆ, ಕೇಳಿ’ ಅಂದೆ. ಹತ್ತು ನಿಮಿಷದ ಸಂದರ್ಶನ ಒಂದು ಗಂಟೆಯಾಯಿತು. ಅಷ್ಟು ಹೊತ್ತು ಕೂರಬೇಕಾದ ರೋಗಿಯೇ ಅವರು.

ಹೋದ ವಾರ ಅಮ್ಮ ಶ್ರೀನಿವಾಸಪುರದಿಂದ ಫೋನ್ ಮಾಡಿದರು. ಪಕ್ಕದ ಮನೆಯ ಅತ್ತೆ ನಾಲ್ಕು ರಾತ್ರಿಯಿಂದ ಮಲಗಿಲ್ಲವಂತೆ, ಮಾವಿನ ತೋಪಿನಲ್ಲಿ ಒಬ್ಬರೇ ಕೂತಿರುತ್ತಾರಂತೆ. ಇವತ್ತೇ ಕೋಲಾರಕ್ಕೆ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ ಅಂದೆ. ರಾತ್ರಿ ಹೊತ್ತು ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡಿ, ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಎತ್ತುತ್ತಾರೆ ಅಂದೆ.

‘ತೆಲುಗಲ್ಲಿ ಮಾತಾಡ್ತಾರೇನಮ್ಮಾ?’ ಅಂದರು ಅಮ್ಮ.

‘ತೆಲುಗೂ ಇದೆ, ಕನ್ನಡವೂ ಇದೆ. ಯಾವ ಭಾಷೆ ಬೇಕೋ ಆರಿಸಿಕೊಳ್ಳಬಹುದಮ್ಮಾ.’

‘ಇರು, ಪೆನ್ನು ತಗೋತೀನಿ.’