ಮೂರೂ ಒರಿಜಿನಲ್ ಒಂದೇ ಲಕೋಟೆಯಲ್ಲಿ

ಪಣಂಬೂರಿನಿಂದ ಹೊರಟ ಕಂಟೈನರ್ ದುಬೈನ ಜೆಬೆಲ್ ಅಲಿ ಬಂದರು ತಲುಪಿ ನಾಲ್ಕು ದಿನವಾಗಿತ್ತು. ಅದನ್ನು ಬಿಡಿಸಿಕೊಳ್ಳಬೇಕಾದ ಬಿ.ಎಲ್. (ಬಿಲ್ ಆಫ್ ಲೇಡಿಂಗ್, ಸರಕಿನ ಹಕ್ಕುಪತ್ರ) ಮಾತ್ರ ಅಲ್ಲಿನ ಗಿರಾಕಿಯ ಕೈ ಸೇರಿರಲಿಲ್ಲ. ಕೊರಿಯರ್ ಪುಟದಲ್ಲಿ ‘ಮುಂಬೈಯಿಂದ ಹೊರಟಿದೆ’ ಎಂಬುದೇ ಕೊನೆಯ ಸಾಲು.

ಮಂಗಳೂರಿನ ಗೇರುಬೀಜ ರಫ್ತು ಕಚೇರಿಯೊಂದರಲ್ಲಿ ದಾಖಲೆಪತ್ರಗಳು ನನ್ನ ಜವಾಬ್ದಾರಿ. “ಹಳೆಯ ಗಿರಾಕಿ, ಎರಡು ಕೊರಿಯರ್ ಖರ್ಚು ಯಾಕೆ?” ಎಂದಿದ್ದರು ಮ್ಯಾನೇಜರ್. ಎದುರಾಡದೆ ಬಿ.ಎಲ್.ನ ಮೂರೂ ಒರಿಜಿನಲ್‌ಗಳನ್ನು ಒಂದೇ ಲಕೋಟೆಗೆ ತುಂಬಿದವಳು ನಾನೇ.

ಗಿರಾಕಿಯ ಫೋನ್ ಇಟ್ಟ ಮೇಲೆ ಕಡತದ ಪ್ರತಿಯನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ನಮ್ಮ ಮೊಹರು, ಸಹಿ. ಯಾರಿಗೆ ಎಂಬ ಹೆಸರಿಲ್ಲ, ಅಂದರೆ ಕಾಗದ ಹಿಡಿದವರಿಗೇ ಹಕ್ಕು. ಬ್ಲ್ಯಾಂಕ್ ಎಂಡಾರ್ಸ್‌ಮೆಂಟ್. ಅಷ್ಟು ಹೊತ್ತು ನನ್ನ ಚಿಂತೆ ಲಕೋಟೆ ಕಳೆದುಹೋದರೆ ಎಂಬುದಾಗಿತ್ತು. ಅದಕ್ಕೆ ದಾರಿಯಿದೆ: ಇಂಡೆಮ್ನಿಟಿ (ನಷ್ಟ ತುಂಬಿಕೊಡುವ ಮುಚ್ಚಳಿಕೆ), ಬ್ಯಾಂಕ್ ಗ್ಯಾರಂಟಿ, ವಾರಗಟ್ಟಲೆ ಓಡಾಟ. ಆದರೆ ದಾರಿಯಲ್ಲಿ ಯಾರಾದರೂ ಅದನ್ನು ತೆರೆದಿದ್ದರೆ? ಮೂರರಲ್ಲಿ ಒಂದನ್ನು ಹಡಗು ಕಂಪನಿಗೆ ಒಪ್ಪಿಸಿದರೆ ಸರಕು ಅವನದು, ಉಳಿದೆರಡು ಬರೀ ಕಾಗದ. ಒಂದು ಕಂಟೈನರ್ ಡಬ್ಲ್ಯು 320 ದರ್ಜೆಯ ಗೇರು ತಿರುಳು. ಕೈ ತಣ್ಣಗಾಯಿತು. ಶಿಪ್ಪಿಂಗ್ ಏಜೆಂಟರಿಗೆ ಫೋನ್ ಮಾಡಿ “ಸರಕು ಬಿಡಿಸಿಕೊಳ್ಳುವ ಡೆಲಿವರಿ ಆರ್ಡರ್ ಯಾರಿಗಾದರೂ ಕೊಟ್ಟಿದ್ದಾರೆಯೇ?” ಎಂದು ಕೇಳಿದೆ. ದುಬೈ ಕಚೇರಿಯನ್ನು ವಿಚಾರಿಸಿ ಹೇಳುತ್ತೇನೆ ಎಂದರು. ನಲವತ್ತು ನಿಮಿಷ ಮೊಬೈಲನ್ನು ಅಂಗೈಯಲ್ಲಿ ಹಿಡಿದೇ ಕುಳಿತಿದ್ದೆ. “ಇಲ್ಲ” ಎಂಬ ಉತ್ತರ ಬಂದಾಗ ಗಂಟಲು ಕಟ್ಟಿತ್ತು.

ಎರಡು ದಿನದ ನಂತರ ಲಕೋಟೆ ತಲುಪಿತು. ಒಂದು ಅಂಚು ಸೀಳಿ, ಮೇಲೆ ಟೇಪ್ ಅಂಟಿಸಲಾಗಿತ್ತು. ಒಳಗೆ ಮೂರೂ ಇದ್ದವು. ಸೀಳಿದವರು ಯಾರೆಂದು ಕೊರಿಯರ್‌ನವರು ಹೇಳಲೇ ಇಲ್ಲ. ಕಂಟೈನರ್ ಬಂದರಿನಲ್ಲೇ ಉಳಿದದ್ದಕ್ಕೆ ಬಿದ್ದ ಶುಲ್ಕ, ಡಿಮರೇಜ್, ನಮ್ಮ ತಲೆಗೆ ಬಂತು.

ಬ್ಯಾಂಕಿನ ಮೂಲಕ ಕಳುಹಿಸಿದ್ದರೆ ಚಿಂತೆಯಿರಲಿಲ್ಲ ಎಂದು ಸಹೋದ್ಯೋಗಿಗಳು ಹೇಳಿದರು. ಯುಆರ್‌ಸಿ 522 ಎಂಬ ಅಂತಾರಾಷ್ಟ್ರೀಯ ಬ್ಯಾಂಕ್ ವಸೂಲಿ ನಿಯಮಾವಳಿಯ 14ನೇ ವಿಧಿಯನ್ನು ಓದಲಿ. ದಾರಿಯಲ್ಲಿ ಕಳೆದ ದಾಖಲೆಗೆ ಬ್ಯಾಂಕ್ ಹೊಣೆಯಲ್ಲ. ಎರಡು ಲಕೋಟೆ ಮಾಡಿದರೆ ಸಾಕು ಎನ್ನುವುದೂ ಅರ್ಧ ಮಾತು. ಒಂದು ಕಳೆದರೂ ಇನ್ನೊಂದು ತಲುಪೀತು, ನಿಜ. ಆದರೆ ಕದಿಯುವವನಿಗೆ ಒಂದೇ ಸಾಕಲ್ಲ! ಹಾಗಾಗಿ ಈಗ ಹಣ ಬಂದಿದ್ದರೆ ಗಿರಾಕಿಯ ಹೆಸರಿಗೆ, ಬಾಕಿಯಿದ್ದರೆ ಅವರ ಬ್ಯಾಂಕಿನ ಹೆಸರಿಗೆ ಎಂಡಾರ್ಸ್ ಮಾಡದೆ ಒಂದು ಹಾಳೆಯನ್ನೂ ಹೊರಗೆ ಬಿಡುವುದಿಲ್ಲ. ಎರಡು ಒರಿಜಿನಲ್ ಇಂದು, ಮೂರನೆಯದು ನಾಳೆ.

ಎರಡನೆಯ ಕೊರಿಯರ್ ಚೀಟಿಗೆ ಸಹಿ ಹಾಕಲು ಮ್ಯಾನೇಜರ್ ಇಂದಿಗೂ ಹಿಂದೆ ಮುಂದೆ ನೋಡುತ್ತಾರೆ. ಸಹಿ ಬೀಳುವವರೆಗೆ ನಾನು ಅವರ ಮೇಜಿನ ಮುಂದಿನಿಂದ ಕದಲುವುದಿಲ್ಲ.