ಡಾಟ್ ಓ ಸಿಗದೆ ಕಳೆದ ನಾಲ್ಕು ರಾತ್ರಿ

ಕೊನೆಗೂ ಆಯಿತು. ನಿನ್ನೆ ರಾತ್ರಿ ಒಂದೂ ಮುಕ್ಕಾಲಿಗೆ ಸೆಂಟ್‌ಓಎಸ್ 6.10 ಎಂಬ ಹಳೇ ಲಿನಕ್ಸ್ ಮೇಲೆ ಜಿಸಿಸಿ 4.8.5 ಮೂರೂ ಸ್ಟೇಜ್ ದಾಟಿತು. ಜಿಸಿಸಿ ಅಂದರೆ ಸಿ, ಸಿ++ ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ಕಂಪೈಲರ್; ಅದು ತನ್ನನ್ನು ತಾನೇ ಮೂರು ಸಲ ಕಟ್ಟಿಕೊಳ್ಳುತ್ತದೆ, ಅವೇ ಸ್ಟೇಜುಗಳು. ಎರಡನೇ ಸ್ಟೇಜನ್ನೂ ಮೂರನೆಯದನ್ನೂ ಹೋಲಿಸಿ ನೋಡುವ ಪರೀಕ್ಷೆಯೂ ಪಾಸ್. ಕುಣಿಯೋಣ ಅನ್ನಿಸಿತು. ಮನೆಯವರೆಲ್ಲ ಮಲಗಿದ್ದರು. ಸುಮ್ನೆ ಫ್ರಿಜ್ ತೆಗೆದು ಉಳಿದಿದ್ದ ಮೈಸೂರ್ ಪಾಕ್ ತಿಂದೆ.

"ಸಿದ್ಧ ಕಂಪೈಲರ್ ಇರುವ ಡೆವ್‌ಟೂಲ್‌ಸೆಟ್ ಹಾಕಿಕೊಂಡಿದ್ದರೆ ಆಗ್ತಿರಲಿಲ್ವಾ?" ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆಗ್ತಿತ್ತು. ಉಪ್ಪಿನಕಾಯಿಯೂ ಅಂಗಡಿಯಲ್ಲಿ ಸಿಗುತ್ತದೆ.

ಯಂತ್ರ ಹಳೇ ಕೋರ್ 2 ಡುಯೋ. ಈಪ್ರಾಮ್ (ಮೆಮೊರಿ ಚಿಪ್) ಬರೆಯುವ ನನ್ನ ಕಾರ್ಡು ಈ ಓಎಸ್ ಬಿಟ್ಟರೆ ಬೇರೆ ಕಡೆ ಮಾತಾಡುವುದಿಲ್ಲ, ಹಾಗಾಗಿ ಅಪ್‌ಗ್ರೇಡ್ ಮಾತೇ ಇಲ್ಲ. 2020ರ ನವೆಂಬರ್‌ಗೇ ಬೆಂಬಲ ನಿಂತುಹೋದ ಓಎಸ್ ಇದು. ರೆಪೊ (ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳುವ ಸರ್ವರ್) ವಿಳಾಸಗಳನ್ನು ವಾಲ್ಟ್, ಅಂದರೆ ಹಳೇ ಆವೃತ್ತಿಗಳ ಉಗ್ರಾಣದ ಕಡೆಗೆ ತಿರುಗಿಸುವುದು ನಿಮಗೆ ಗೊತ್ತೇ ಇದೆ. ಇದರ ಜೊತೆ ಬರುವುದು ಜಿಸಿಸಿ 4.4.7. ನನಗೆ ಬೇಕಿರುವುದು ಜಿಸಿಸಿ 11. ಅದನ್ನು ಕಟ್ಟಲು ಸಿ++11 (ಸಿ++ ಭಾಷೆಯ 2011ರ ಆವೃತ್ತಿ) ಬಲ್ಲ ಕಂಪೈಲರ್ ಬೇಕು, ಅಂದರೆ ಕಡಿಮೆ ಅಂದರೂ 4.8. ಹಾಗಾಗಿ ಮೊದಲ ಮೆಟ್ಟಿಲು 4.8.5.

2 ಜಿಬಿ ಮೆಮೊರಿ ಸಾಲದು ಅಂತ ಎಸ್‌.ಪಿ. ರೋಡ್‌ಗೆ ಹೋಗಿ ಇನ್ನೊಂದು ಡಿಡಿಆರ್2 ರ‍್ಯಾಮ್ ತಂದೆ. "ಹೊಸದು ಸಾರ್, ಸೀಲ್ ಪ್ಯಾಕ್." ಮೆಮ್‌ಟೆಸ್ಟ್ ಹಾಕಿದರೆ ಪರದೆ ತುಂಬ ಕೆಂಪು ಸಾಲು. ವಾಪಸ್ ಒಯ್ದರೆ, "ಡಿಡಿಆರ್2ಗೆಲ್ಲ ಯಾರು ಸಾರ್ ವಾರಂಟಿ ಕೊಡ್ತಾರೆ?" ಅಂದ. ಸೀಲ್ ಹಾಕಿದ ಅಂಟು ಮಾತ್ರ ಹೊಸದಿತ್ತು. 2 ಜಿಬಿಯಲ್ಲೇ ಕೂತೆ.

ಈಗ ಅಸಲು ಕಥೆ. ಜಿಸಿಸಿ ಕಟ್ಟಲು ಬೇಕಾದ ಲೆಕ್ಕದ ಲೈಬ್ರರಿಗಳಾದ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಮೂರನ್ನೂ ತರಲು ಸೋರ್ಸ್ ಜೊತೆಗೇ ಒಂದು ಸ್ಕ್ರಿಪ್ಟ್ ಬರುತ್ತದಲ್ಲ, 4.8ರ ಕಾಲದ್ದು ಫೈಲ್ ಸಾಗಿಸುವ ಹಳೇ ದಾರಿಯಾದ ಎಫ್‌ಟಿಪಿಗೆ ಹೋಗುತ್ತದೆ. ನನ್ನ ರೌಟರ್ ಎಫ್‌ಟಿಪಿಗೆ ಬಾಗಿಲು ತೆಗೆಯಲಿಲ್ಲ. ಹೋಗ್ಲಿ ಬಿಡು, ನಾನೇ ಕಟ್ಟುತ್ತೇನೆ ಅಂತ ಮೂರನ್ನೂ ಆಪ್ಟ್ ಫೋಲ್ಡರ್ ಕೆಳಗೆ ಕಟ್ಟಿದೆ. ಕಟ್ಟುವ ಮೊದಲು ಯಂತ್ರವನ್ನು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟ್‌ಗೆ ಮೂರರ ಜಾಗವನ್ನೂ ಹೇಳಿದೆ. ಮಲ್ಟಿಲಿಬ್ (32-ಬಿಟ್ ಪ್ರತಿಯನ್ನೂ ಕಟ್ಟುವುದು) ಬೇಡ ಅಂದೆ. ಕಟ್ಟುವ ಕೆಲಸ ನಡೆಸುವ ಮೇಕ್ ಒತ್ತಿ ಊಟಕ್ಕೆ ಹೋದೆ.

ಬಂದು ನೋಡಿದರೆ: ಆಬ್ಜೆಕ್ಟ್ ಫೈಲ್‌ಗಳ (ಕಂಪೈಲ್ ಆದಾಗ ಹುಟ್ಟುವ ಫೈಲ್‌ಗಳ) ಸಫಿಕ್ಸ್, ಅಂದರೆ ಹೆಸರಿನ ಕೊನೆಯ ಭಾಗ, ಏನೆಂದು ಕಂಡುಹಿಡಿಯಲಾಗುತ್ತಿಲ್ಲ, ಕಂಪೈಲ್ ಆಗುತ್ತಿಲ್ಲ.

ಅಲ್ಲಪ್ಪಾ, ಅದು ಡಾಟ್ ಓ! ನಾನು ಹುಟ್ಟೋ ಮೊದಲಿಂದ ಡಾಟ್ ಓ! ಒಂದು ಗಂಟೆ ದುಡಿದ ಕಂಪೈಲರ್‌ಗೆ ಇಷ್ಟು ಗೊತ್ತಿಲ್ಲವಾ?

ವಿವರಕ್ಕೆ ಕಾನ್ಫಿಗ್.ಲಾಗ್ ನೋಡಿ ಅಂತಲೂ ಬರೆದಿತ್ತು. ನೋಡಿದೆ. ಎರಡು ರಾತ್ರಿ ನೋಡಿದೆ. ಎಲ್ಲ ಸರಿಯಾಗೇ ಇತ್ತು. ಸರಿಯಿರದೆ ಏನು, ನಾನು ಓದುತ್ತಿದ್ದದ್ದು ಹೊರಗಿನ ಫೋಲ್ಡರ್‌ನ ಲಾಗ್. ಜಿಸಿಸಿ ಬಿಲ್ಡ್‌ನಲ್ಲಿ ಆ ಹೆಸರಿನ ಫೈಲ್ ಮನೆಮನೆಗೂ ಒಂದಿರುತ್ತದೆ. ನನಗೆ ಬೇಕಿದ್ದದ್ದು ಲಿಬ್‌ಜಿಸಿಸಿ ಫೋಲ್ಡರ್ ಒಳಗಿನದು. ಎರರ್‌ನ ಮೇಲಿನ ಸಾಲಲ್ಲೇ ಪೂರ್ತಿ ವಿಳಾಸ ಇತ್ತು. ಮೂರನೇ ರಾತ್ರಿ ಕಣ್ಣಿಗೆ ಬಿತ್ತು.

ಅಲ್ಲಿತ್ತು ನಿಜವಾದ ಮಾತು. ಆಗಷ್ಟೇ ಹುಟ್ಟಿದ ಸಿಸಿ1 (ಜಿಸಿಸಿಯ ಒಳಗಿನ ಅಸಲು ಸಿ ಕಂಪೈಲರ್) ಓಡಲು ಹೋಗಿ, ಎಂಪಿಸಿ ಲೈಬ್ರರಿಯ ಫೈಲಾದ ಲಿಬ್‌ಎಂಪಿಸಿ.ಎಸ್‌ಓ.3 ಸಿಗದೆ ಬಿದ್ದಿತ್ತು. ಸಫಿಕ್ಸ್ ಹುಡುಕುವ ಪರೀಕ್ಷೆ ಅಂದರೆ ಒಂದು ಪುಟ್ಟ ಫೈಲನ್ನು ಕಂಪೈಲ್ ಮಾಡಿ ಏನು ಹುಟ್ಟಿತು ಅಂತ ನೋಡುವುದು, ಅಷ್ಟೇ. ಏನೂ ಹುಟ್ಟಲಿಲ್ಲ, ಹಾಗಾಗಿ ಹೆಸರೂ ಗೊತ್ತಾಗಲಿಲ್ಲ. ಕಾನ್ಫಿಗರ್‌ಗೆ ಕೊಟ್ಟ ಜಾಗ ಲಿಂಕ್ ಮಾಡುವಾಗ (ಲೈಬ್ರರಿಗಳನ್ನು ಪ್ರೋಗ್ರಾಮಿಗೆ ಜೋಡಿಸುವಾಗ) ಮಾತ್ರ ಕೆಲಸಕ್ಕೆ ಬರುತ್ತದೆ. ಓಡುವಾಗ ಲೈಬ್ರರಿಗಳನ್ನು ಹುಡುಕುವುದು ಓಎಸ್‌ನ ಲೋಡರ್, ಅದಕ್ಕೆ ನನ್ನ ಆಪ್ಟ್ ಗುರುತೇ ಇಲ್ಲ. 4.4ಕ್ಕೆ ಎಂಪಿಸಿ ಬೇಕಿರಲಿಲ್ಲ, 4.5ರಿಂದ ಬೇಕು. ಹಾಗಾಗಿ ಓಎಸ್ ಬಳಿಯೂ ಹಳೆಯದೊಂದು ಇರಲಿಲ್ಲ.

ಸುಲಭ ಅಲ್ವಾ? ಲೋಡರ್‌ಗೆ ಹುಡುಕುವ ಜಾಗ ತೋರಿಸುವ ಎಲ್‌ಡಿ_ಲೈಬ್ರರಿ_ಪಾತ್ ಎಕ್ಸ್‌ಪೋರ್ಟ್ ಮಾಡಿದೆ. ಮತ್ತೆ ಮೇಕ್. ಮತ್ತೆ ಅದೇ ಡಾಟ್ ಓ ಗೋಳು.

ತಲೆ ಕೆಟ್ಟಿದ್ದು ಇಲ್ಲಿ. ಅದೇ ಸಿಸಿ1 ಮೇಲೆ, ಲೈಬ್ರರಿಗಳು ಸಿಗುತ್ತವೆಯೇ ಅಂತ ಹೇಳುವ ಎಲ್‌ಡಿಡಿ ಓಡಿಸಿದರೆ ಮೂರೂ ಲೈಬ್ರರಿ ಸಿಕ್ಕಿವೆ ಅನ್ನುತ್ತದೆ. ಕೈಯಾರೆ ಓಡಿಸಿದರೆ ಡಾಟ್ ಓ ಹುಟ್ಟುತ್ತದೆ. ಮೇಕ್ ಒಳಗೆ ಮಾತ್ರ ಇಲ್ಲ. ಹೊಸ ಫೋಲ್ಡರ್ ಮಾಡಿ ಮೊದಲಿಂದ ಕಟ್ಟಿದೆ. ಎಂಪಿಸಿಯನ್ನೇ ಇನ್ನೊಮ್ಮೆ ಕಟ್ಟಿದೆ. ಮಧ್ಯೆ ಕರೆಂಟ್ ಹೋಯಿತು, ಅದು ಬೇರೆ.

ನಾಲ್ಕನೇ ರಾತ್ರಿ ಟೈಪ್ ಮಾಡಿದ ಆಜ್ಞೆಗಳ ಹಿಸ್ಟರಿ ತಿರುವುತ್ತಿದ್ದಾಗ ಮೇಕ್ ಹಿಂದಿನ ಪದ ಕಂಡಿತು. ಸುಡೋ. ಆಜ್ಞೆಯನ್ನು ರೂಟ್ (ಯಂತ್ರದ ಮೇಲೆ ಪೂರ್ತಿ ಅಧಿಕಾರವಿರುವ ಬಳಕೆದಾರ) ಹೆಸರಲ್ಲಿ ಓಡಿಸುವ ಪದ. ಶುರುವಿನಲ್ಲಿ ಸೋರ್ಸ್‌ನ ಟಾರ್‌ಬಾಲನ್ನು ರೂಟ್ ಆಗಿ ಬಿಚ್ಚಿದ್ದೆ. ಆಮೇಲೆ ಬರೆಯಲು ಅನುಮತಿ ಇಲ್ಲ ಅಂದಾಗಲೆಲ್ಲ ಸುಡೋ ಹಾಕುತ್ತಾ ಬಂದಿದ್ದೆ. ಸುಡೋ ಒಳಗೆ ಹೋಗುವಾಗ ಎಲ್‌ಡಿ_ಲೈಬ್ರರಿ_ಪಾತ್ ಕಿತ್ತು ಹಾಕುತ್ತದೆ. ಸುರಕ್ಷತೆಗಾಗಿ ಬೇಕೆಂದೇ ಮಾಡುವ ಕೆಲಸ ಅದು. ನಾನು ಪರೀಕ್ಷೆ ಮಾಡುತ್ತಿದ್ದದ್ದು ನನ್ನ ಶೆಲ್‌ನಲ್ಲಿ, ಬಿಲ್ಡ್ ಓಡುತ್ತಿದ್ದದ್ದು ರೂಟ್ ಮನೆಯಲ್ಲಿ.

ಚೌನ್ ಹೊಡೆದು ಫೋಲ್ಡರನ್ನು ನನ್ನ ಹೆಸರಿಗೆ ಮಾಡಿಕೊಂಡೆ. ಕೋಪ ಇಳಿಯಲಿಲ್ಲ. ಮೂರೂ ಲೈಬ್ರರಿಗಳನ್ನು ಶೇರ್ಡ್ ಬೇಡ ಅಂತ ಸ್ಟ್ಯಾಟಿಕ್ ಆಗಿ, ಅಂದರೆ ಪ್ರೋಗ್ರಾಮಿನೊಳಗೇ ಸೇರಿಹೋಗುವಂತೆ, ಮತ್ತೆ ಕಟ್ಟಿದೆ. ಇನ್ನು ಲೋಡರ್ ಏನನ್ನಾದರೂ ಹುಡುಕಿಕೊಳ್ಳಲಿ. ಬಿಲ್ಡ್ ಮುಗಿಯಲು ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು.

ಅಂದಹಾಗೆ ಭಾವನ ಮನೆ ಅಟ್ಟದಲ್ಲಿ ಆಪಲ್‌ನ ಹಳೇ ಲ್ಯಾಪ್‌ಟಾಪ್, ಒಂದು ಐಬುಕ್ ಜಿ4 ಸಿಕ್ಕಿದೆ. ಅದರಲ್ಲಿರುವುದು ಟೈಗರ್, ಅಂದರೆ ಮ್ಯಾಕ್ ಓಎಸ್ 10.4.11. ಆಪಲ್‌ನ ಪ್ರೋಗ್ರಾಮಿಂಗ್ ಸಲಕರಣೆ ಎಕ್ಸ್‌ಕೋಡ್ 2.5 ಹಾಕಿದರೆ ಬರುವುದು ಜಿಸಿಸಿ 4.0.1. ಮ್ಯಾಕ್‌ನಲ್ಲಿ ಲಿಂಕ್ ಮಾಡುವಾಗಲೇ ಲೈಬ್ರರಿಯ ಪೂರ್ತಿ ವಿಳಾಸ ಪ್ರೋಗ್ರಾಮಿನೊಳಗೆ ಕೂರುತ್ತದೆ, ಹಾಗಾಗಿ ಈ ಗೋಳು ಅಲ್ಲಿ ಇರಬಾರದು. ಬೇರೆ ಗೋಳು ಇದ್ದೇ ಇರುತ್ತದೆ. ಚಾರ್ಜರ್ ಕೊಡುತ್ತೇನೆ ಅಂದವನು ಎರಡು ವಾರದಿಂದ "ನಾಳೆ" ಅನ್ನುತ್ತಿದ್ದಾನೆ, ಅದೇ ಮೊದಲನೆಯದು.

ಇವತ್ತು ಬೆಳಿಗ್ಗೆ ಹೊಸ ಕಂಪೈಲರ್‌ನಲ್ಲಿ ಸಿ++11ರ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಕಂಪೈಲ್ ಆಯಿತು. ಓಡಿಸಿದೆ. ಸಿ++ ಪ್ರೋಗ್ರಾಂಗಳು ಓಡಲು ಬಳಸುವ ಲೈಬ್ರರಿ ಲಿಬ್‌ಎಸ್‌ಟಿಡಿಸಿ++ನಲ್ಲಿ ಬೇಕಾದ ಆವೃತ್ತಿ ಇಲ್ಲವಂತೆ. ಓಎಸ್‌ನದು ಜಿಎಲ್‌ಐಬಿಸಿಎಕ್ಸ್‌ಎಕ್ಸ್ ಎಂಬ ಆವೃತ್ತಿ ಗುರುತಿನ 3.4.13ಕ್ಕೆ ನಿಂತಿದೆ, 4.8.5 ತಂದಿರುವುದು 3.4.19ರವರೆಗೆ ಇದೆ. ಲೋಡರ್ ಹಳೆಯದನ್ನೇ ಹಿಡಿದುಕೊಂಡು ಕೂತಿದೆ. ಈ ಸಲ ನೇರವಾಗಿ ಆರ್‌ಪಾತ್ ಹಾಕಿದೆ, ಅಂದರೆ ಲೈಬ್ರರಿಯ ಜಾಗವನ್ನು ಪ್ರೋಗ್ರಾಮಿನೊಳಗೇ ಬರೆದೆ. ಮೂರು ನಿಮಿಷ. ಸುಡೋ ಇಲ್ಲದೆ.