ಮೊದಲು ಸ್ಕೋರ್ ಕೇಳಬೇಡಿ

ಅಮೆರಿಕದ ಕಾಲೇಜು ತಂಡಗಳಲ್ಲಿ ಆಡುವ ಹುಡುಗ ಹುಡುಗಿಯರು ಐದು ಲಕ್ಷಕ್ಕೂ ಹೆಚ್ಚು. ಮುಂದೆ ಆಟವನ್ನೇ ವೃತ್ತಿ ಮಾಡಿಕೊಳ್ಳುವವರು ಅವರಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಆದರೂ ಆ ನಾಲ್ಕು ವರ್ಷ ಅವರ ಎದುರಿಗೆ ಬರುವ ಪ್ರತಿಯೊಬ್ಬರ ಕೈಯಲ್ಲೂ ಒಂದು ಅಳತೆಗೋಲು ಇರುತ್ತದೆ. ಕೋಚ್ ಕೈಯಲ್ಲಿ ಸ್ಟಾಪ್‌ವಾಚ್, ಜಿಮ್‌ನಲ್ಲಿ ಎತ್ತಿದ ಭಾರದ ಪಟ್ಟಿ, ಫೋನ್ ತೆರೆದರೆ ಅಭಿಮಾನಿಗಳ ತೀರ್ಪು. ಮನೆಯಿಂದ ಬರುವ ಕರೆಯೂ "ಇವತ್ತು ಎಷ್ಟು ಹೊತ್ತು ಆಡಿಸಿದರು?" ಎಂದೇ ಶುರುವಾಗುತ್ತದೆ. ಕ್ರೈಸ್ತ ಮಾರ್ಗದರ್ಶಕರು ಇದೇ ಸಾಲಿನಲ್ಲಿ ಇನ್ನೊಬ್ಬರಾಗಿ ನಿಂತರೆ ಆ ಮಗುವಿಗೆ ಸಿಕ್ಕಿದ್ದೇನು? ವಾರಕ್ಕೊಮ್ಮೆಯಾದರೂ ಅಳೆಯದೆ ಎದುರು ಕೂರುವ ಒಬ್ಬರು ಬೇಕು. ಕೃಪೆ ಎಂಬ ಮಾತಿನ ಅರ್ಥ ಅವರಿಗೆ ಪ್ರಸಂಗದಿಂದ ತಿಳಿಯುವುದಕ್ಕಿಂತ ಹೆಚ್ಚಾಗಿ ಹೀಗೆ ತಿಳಿಯುತ್ತದೆ.

ಈ ಕೆಲಸಕ್ಕೆ ಅಲ್ಲಿ ಹಳೆಯ ಬೇರುಗಳಿವೆ. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಹುಟ್ಟಿಸಿದ ಜೇಮ್ಸ್ ನೈಸ್ಮಿತ್, 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋದಾಗ ವ್ಯಾಯಾಮ ಕಲಿಸುವುದರ ಜೊತೆಗೆ ಅಲ್ಲಿನ ಪ್ರಾರ್ಥನಾಲಯದ ಹೊಣೆಯನ್ನೂ ಹೊತ್ತಿದ್ದರು. 1954ರಲ್ಲಿ ಒಕ್ಲಹೋಮಾದ ಕೋಚ್ ಡಾನ್ ಮೆಕ್ಲಾನನ್ ಅವರ ಪ್ರಯತ್ನದಿಂದ 'ಫೆಲೋಶಿಪ್ ಆಫ್ ಕ್ರಿಶ್ಚಿಯನ್ ಅಥ್ಲೀಟ್ಸ್' ಶುರುವಾಯಿತು. 1966ರಲ್ಲಿ 'ಅಥ್ಲೀಟ್ಸ್ ಇನ್ ಆಕ್ಷನ್' ಎಂಬ ಇನ್ನೊಂದು ಕ್ರೈಸ್ತ ಸಂಸ್ಥೆ ಬಂತು. ಇಂದು ಬಹಳಷ್ಟು ಕ್ಯಾಂಪಸ್‌ಗಳಲ್ಲಿ ವಾರಕ್ಕೊಮ್ಮೆ 'ಹಡಲ್' ಎಂಬ ಸಣ್ಣ ಕೂಟ, ಪಂದ್ಯಕ್ಕೆ ಮುಂಚೆ 'ಚಾಪೆಲ್' ಎಂಬ ಕಾಲು ಗಂಟೆಯ ಆರಾಧನೆ ನಡೆಯುತ್ತವೆ. ಎರಡೂ ಒಳ್ಳೆಯವೇ. ಆದರೆ ಗುಂಪಿನಲ್ಲಿ ಕೈ ಎತ್ತಿ ಮಾತಾಡುವ ಹುಡುಗ ಒಬ್ಬನೇ ಸಿಕ್ಕಾಗ ಬೇರೆಯೇ ಮಾತು ಹೇಳುತ್ತಾನೆ. ಇಲ್ಲಿ ಹೇಳಹೊರಟಿದ್ದು ಆ ಒಬ್ಬರಿಗೊಬ್ಬರ ಭೇಟಿಯ ಬಗ್ಗೆ.

ಸಮಯದ ಲೆಕ್ಕ ಅರ್ಥವಾಗದಿದ್ದರೆ ಈ ಭೇಟಿ ಉಳಿಯುವುದಿಲ್ಲ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ನಿಯಮದ ಪ್ರಕಾರ ಆಟದ ಋತುವಿನಲ್ಲಿ ತಂಡದ ಚಟುವಟಿಕೆ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ಮೀರಬಾರದು. ವಾರದಲ್ಲಿ ಒಂದು ದಿನ ಬಿಡುವು ಕೊಡಬೇಕು. ಕೇಳಲು ಕಡಿಮೆ ಅನ್ನಿಸಬಹುದು. ಆದರೆ ಪಂದ್ಯದ ದಿನ ಎಷ್ಟೇ ಹೊತ್ತು ಹಿಡಿದರೂ ಲೆಕ್ಕಕ್ಕೆ 3 ಗಂಟೆ ಮಾತ್ರ. ಬಸ್ಸು ವಿಮಾನಗಳ ಪ್ರಯಾಣ, ಗಾಯದ ಚಿಕಿತ್ಸೆ ಇವು ಲೆಕ್ಕಕ್ಕೇ ಇಲ್ಲ. ಬೆಳಗ್ಗೆ 6ಕ್ಕೆ ಜಿಮ್, ಆಮೇಲೆ ತರಗತಿ, ಮಧ್ಯಾಹ್ನ ಅಭ್ಯಾಸ, ರಾತ್ರಿ ಓದು. ಇಂಥ ದಿನದಲ್ಲಿ "ಬಿಡುವಾದಾಗ ಸಿಗೋಣ" ಎಂದರೆ ಎಂದೂ ಸಿಗುವುದಿಲ್ಲ. ಸೆಮಿಸ್ಟರ್ ಶುರುವಾಗುವ ವಾರವೇ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಋತುವಿನಲ್ಲಿ 25 ನಿಮಿಷ ಸಾಕು, ಋತು ಮುಗಿದ ಮೇಲೆ ಒಂದು ಗಂಟೆ. ಜಾಗ ಅವರ ದಾರಿಯಲ್ಲೇ ಇರಲಿ: ಊಟದ ಹಾಲ್‌ನ ಮೂಲೆ, ಗ್ರಂಥಾಲಯದ ಹೊರಗಿನ ಬೆಂಚು. ನಾಲ್ಕು ಜನರಿಗೆ ಕಾಣುವ ಜಾಗವೇ ಆಗಬೇಕು. ಹುಡುಗಿಗೆ ಹೆಂಗಸು, ಹುಡುಗನಿಗೆ ಗಂಡಸು ಮಾರ್ಗದರ್ಶಕರಾಗಲಿ. ಮುಚ್ಚಿದ ಕೋಣೆ, ನಡುರಾತ್ರಿಯ ಮೆಸೇಜು ಬೇಡವೇ ಬೇಡ. ಊಟದ ಬಿಲ್ ಕೊಡುವ ಮೊದಲು, ಒಂದು ಜೊತೆ ಬೂಟು ಕೊಡಿಸುವ ಮೊದಲು, ನಿಯಮಪಾಲನೆ ನೋಡಿಕೊಳ್ಳುವ ಕಾಲೇಜಿನ ಕಂಪ್ಲಯನ್ಸ್ ಕಚೇರಿಯನ್ನು ಕೇಳಿ. ಪ್ರೀತಿಯಿಂದ ಕೊಟ್ಟ ಸಣ್ಣ ಉಡುಗೊರೆಯೂ ಆ ವಿದ್ಯಾರ್ಥಿಯ ಆಡುವ ಅರ್ಹತೆಗೆ ಕುತ್ತು ತರಬಹುದು.

25 ನಿಮಿಷದಲ್ಲಿ ಮೊದಲ ಹತ್ತು ನಿಮಿಷ ಆ ವಾರದ ಸುದ್ದಿಗೆ. ನಿದ್ದೆ ಬಂತಾ? ಯಾರ ಮೇಲೆ ಸಿಟ್ಟಿದೆ? ಮನೆಯವರು ಹೇಗಿದ್ದಾರೆ? ಪಂದ್ಯದ ಮಾತು ಅವರೇ ಎತ್ತಿದರೆ ಕೇಳಿಸಿಕೊಳ್ಳಿ, ನೀವಾಗಿ ಎತ್ತಬೇಡಿ. ಮುಂದಿನ ಹತ್ತು ನಿಮಿಷ ಸತ್ಯವೇದದ (ಬೈಬಲಿನ) ಓದು, ಉಳಿದ ಐದು ಪ್ರಾರ್ಥನೆಗೆ. ಪ್ರಾರ್ಥನೆಯಲ್ಲಿ ಗೆಲುವನ್ನು ಬೇಡುವ ಅಭ್ಯಾಸ ಹಾಕಬೇಡಿ. ಎದುರು ತಂಡದಲ್ಲೂ ಪ್ರಾರ್ಥಿಸುವವರಿದ್ದಾರೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಗೆಲುವು ಬೇಡಿ ಸೋತ ಸಂಜೆ ಹುಡುಗಿಯೊಬ್ಬಳು, ಆಟದ ಜೊತೆಗೆ ದೇವರೂ ತನ್ನನ್ನು ಕೈಬಿಟ್ಟ ಎಂದುಕೊಳ್ಳುತ್ತಾಳೆ. ಈ ಕೆಲಸದಲ್ಲಿ ನಂಬಿಕೆ ಮುರಿಯುವುದು ಹೆಚ್ಚಾಗಿ ಹೀಗೆಯೇ.

ಸೋತ ರಾತ್ರಿ ಕಳಿಸುವ ಮೆಸೇಜಿಗೆ ಸತ್ಯವೇದದ ವಚನ ಅಂಟಿಸಬೇಡಿ. "ಊಟ ಆಯ್ತಾ? ಬುಧವಾರ ಎಂದಿನ ಹಾಗೆ ಸಿಗೋಣ." ಇಷ್ಟು ಸಾಕು. ನಮ್ಮಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಈ ಸಾದಾ ಪ್ರಶ್ನೆಯಲ್ಲಿ ಎಷ್ಟು ಸಾಂತ್ವನ ಇದೆ ಎಂಬುದು ಅಂಥ ರಾತ್ರಿಯಲ್ಲಿ ತಿಳಿಯುತ್ತದೆ. ಗೆದ್ದ ರಾತ್ರಿಯೂ ಅದೇ ಮೆಸೇಜು ಹೋಗಬೇಕು, ಅದೇ ಅಳತೆಯಲ್ಲಿ.

ಓದಿಗೆ ಮಾರ್ಕನ ಸುವಾರ್ತೆಯಿಂದ ಶುರುಮಾಡುವುದು ಒಳ್ಳೆಯದು. 16 ಅಧ್ಯಾಯ, ಹೆಚ್ಚುಕಡಿಮೆ ಸೆಮಿಸ್ಟರಿನ ವಾರಗಳಷ್ಟೇ. ಪ್ರಯಾಣದಲ್ಲಿ ಒಂದೆರಡು ವಾರ ತಪ್ಪುತ್ತದೆ, ತಪ್ಪಲಿ. 14ನೇ ಅಧ್ಯಾಯಕ್ಕೆ 72 ವಚನಗಳಿವೆ, ಅದನ್ನು ಎರಡು ವಾರಕ್ಕೆ ಹಂಚಿ. 10ನೇ ಅಧ್ಯಾಯದಲ್ಲಿ ಶಿಷ್ಯರಾದ ಯಾಕೋಬ ಮತ್ತು ಯೋಹಾನ ಯೇಸುವಿನ ಬಲಕ್ಕೊಬ್ಬರು ಎಡಕ್ಕೊಬ್ಬರು ಕೂರುವ ಸ್ಥಾನ ಕೇಳುತ್ತಾರೆ, ಉಳಿದ ಹತ್ತು ಮಂದಿಗೆ ಸಿಟ್ಟು ಬರುತ್ತದೆ. ಮೊದಲ ಐವರ ಪಟ್ಟಿಯಲ್ಲಿ ಹೆಸರಿಗಾಗಿ ಕಾದಿರುವ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಗೆ ಈ ಭಾಗ ವಿವರಿಸುವ ಅಗತ್ಯವೇ ಇಲ್ಲ, ಓದಿದ ತಕ್ಷಣ ನಗು ಬರುತ್ತದೆ, ಆಮೇಲೆ ಮೌನ.

ಆಟದ ಉಪಮೆಗಳಿರುವ ವಚನಗಳನ್ನು ಮೊದಲಿಗೆ ಹಿಡಿಯಬೇಡಿ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4:13 ಅಲ್ಲಿ ಬೂಟಿನ ಮೇಲೆ, ಮಣಿಕಟ್ಟಿನ ಟೇಪಿನ ಮೇಲೆ ಕಾಣುತ್ತಲೇ ಇರುತ್ತದೆ. ತನ್ನನ್ನು ಬಲಪಡಿಸುವಾತನಿಂದ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಆ ಮಾತನ್ನು ಅಪೊಸ್ತಲ ಪೌಲ ಬರೆದದ್ದು ಸೆರೆಯಲ್ಲಿದ್ದು. ಹಿಂದಿನ ಎರಡು ವಚನ ಸೇರಿಸಿ ಓದಿದರೆ ಅದು ಹಸಿವಿನಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರಲು ಕಲಿತವನ ಮಾತು. ಬೆಂಚಿನ ಮೇಲೆ ಕೂತವನಿಗೆ, ಗೋಲು ತಪ್ಪಿಸಿಕೊಂಡವನಿಗೆ ಅದು ಹೆಚ್ಚು ಸಲ್ಲುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 9ನೇ ಅಧ್ಯಾಯದ ಓಟದ ಚಿತ್ರವೂ ಹಾಗೆಯೇ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವರಿಗೆ ಸಿಗುತ್ತಿದ್ದದ್ದು ಬಾಡಿಹೋಗುವ ಎಲೆಯ ಕಿರೀಟ. ಆ ಅಧ್ಯಾಯದ ಉದ್ದಕ್ಕೂ ಪೌಲ ಹೇಳುತ್ತಿರುವುದು ಪರರಿಗಾಗಿ ತನ್ನ ಹಕ್ಕುಗಳನ್ನು ಬಿಟ್ಟುಕೊಟ್ಟದ್ದನ್ನು. ಲಾಕರ್ ಕೋಣೆಯ ಗೋಡೆಗೆ ಬರುವಷ್ಟರಲ್ಲಿ ಆ ಭಾಗ ಉದುರಿಹೋಗಿರುತ್ತದೆ.

ಇನ್ನು ಗಾಯ. ಮಾರ್ಗದರ್ಶಕರ ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟು ಹರಿದು ಶಸ್ತ್ರಚಿಕಿತ್ಸೆಯಾದರೆ ಮತ್ತೆ ಆಡಲು ಕನಿಷ್ಠ 9 ತಿಂಗಳು ಬೇಕು. ಮೊದಲ ವಾರ ಹೂವು, ಕರೆ, ಪ್ರಾರ್ಥನೆ ಎಲ್ಲ ಬರುತ್ತವೆ. ನಾಲ್ಕನೆಯ, ಐದನೆಯ ತಿಂಗಳಿಗೆ ಯಾರೂ ಇರುವುದಿಲ್ಲ. ಊರುಗೋಲು ಹೋಗಿರುವುದರಿಂದ ನೋಡುವವರಿಗೆ ಎಲ್ಲ ಸರಿಯಾದಂತೆ ಕಾಣುತ್ತದೆ. ಹಾಗಾಗಿ ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದದ್ದು ಆ ತಿಂಗಳುಗಳನ್ನು. ತಂಡ ಬೇರೆ ಊರಿಗೆ ಆಡಲು ಹೋದ ದಿನ, ಗಾಯಾಳು ಹಾಸ್ಟೆಲಿನಲ್ಲಿ ಉಳಿದ ದಿನ, ಅದನ್ನೂ ಗುರುತು ಹಾಕಿ. "ಇದರಲ್ಲಿ ದೇವರ ಉದ್ದೇಶ ಇರುತ್ತದೆ" ಎಂದು ನೀವು ಹೇಳಬೇಡಿ. ನಿಜವೇ ಇರಬಹುದು. ಮುಂದೊಂದು ದಿನ ಅವರೇ ಹೇಳಿದರೆ ಅದಕ್ಕೆ ತೂಕ ಬರುತ್ತದೆ, ನೀವು ಹೇಳಿದರೆ ಬಾಯಿ ಮುಚ್ಚಿಸಿದಂತಾಗುತ್ತದೆ. ಬದಲಿಗೆ 13ನೇ ಕೀರ್ತನೆ ಓದಿ. ಆರೇ ವಚನ, ಮೊದಲ ಎರಡರಲ್ಲೇ ನಾಲ್ಕು ಸಲ "ಎಲ್ಲಿಯವರೆಗೆ?" ಎಂಬ ಕೂಗು. ಇಷ್ಟು ದೂರು ಹೇಳಲು ಸತ್ಯವೇದದಲ್ಲೇ ಜಾಗ ಇದೆಯೆಂದು ಗೊತ್ತಾದಾಗ ಎಷ್ಟೋ ಮಂದಿ ಮೊದಲ ಬಾರಿಗೆ ಅಳುತ್ತಾರೆ. ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯದಲ್ಲಿ ಸಾಯಲು ಬಯಸಿ ಮಲಗಿದ ಪ್ರವಾದಿ ಎಲೀಯನಿಗೆ ಮೊದಲು ಸಿಕ್ಕಿದ್ದು ನಿದ್ದೆ, ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ದೇವರ ಪ್ರಶ್ನೆ ಆಮೇಲೆ ಬಂತು. ಈ ಕ್ರಮವನ್ನು ಮರೆಯಬೇಡಿ.

ಬದುಕುವುದೇ ಬೇಡ ಎಂಬ ಮಾತು ಬಂದರೆ ಗುಟ್ಟು ಕಾಪಾಡುವ ಮಾತು ಅಲ್ಲಿಗೇ ಮುಗಿಯಿತು. ಈ ಒಂದು ವಿಷಯವನ್ನು ಮೊದಲ ಭೇಟಿಯಲ್ಲೇ ಹೇಳಿಟ್ಟಿರಬೇಕು. ಒಂಟಿಯಾಗಿ ಬಿಡಬೇಡಿ, ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ, ಕಾಲೇಜಿನ ಆಪ್ತಸಮಾಲೋಚಕರ ಬಳಿಗೆ ಜೊತೆಯಲ್ಲೇ ನಡೆದುಹೋಗಿ. ಪ್ರಾರ್ಥನೆ ಚಿಕಿತ್ಸೆಗೆ ಬದಲಿಯಲ್ಲ.

ಉಪವಾಸದ ವಿಷಯದಲ್ಲಿ ಒಳ್ಳೆಯ ಮನಸ್ಸಿನವರೇ ಎಡವುತ್ತಾರೆ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ನ 40 ದಿನ ಬರುವುದು ಈಜಿನವರಿಗೆ, ಒಳಾಂಗಣ ಓಟದವರಿಗೆ ದೊಡ್ಡ ಸ್ಪರ್ಧೆಗಳಿರುವ ಫೆಬ್ರವರಿ, ಮಾರ್ಚ್ ಸುಮಾರಿಗೆ. ದೂರದ ಓಟಗಾರ್ತಿಯರಲ್ಲಿ, ಈಜುವವರಲ್ಲಿ, ಕುಸ್ತಿಯವರಲ್ಲಿ ಊಟ ಕಡಿಮೆ ಮಾಡುವ ಕಾಯಿಲೆ ಭಕ್ತಿಯ ಹೊದಿಕೆ ಹೊದ್ದು ಬರುತ್ತದೆ. ದೇಹ ಖರ್ಚು ಮಾಡುವಷ್ಟು ಆಹಾರ ಒಳಗೆ ಹೋಗದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆಯಲ್ಲಿ ಸಣ್ಣ ಬಿರುಕುಗಳು ಮತ್ತೆ ಮತ್ತೆ ಕಾಣಿಸುತ್ತವೆ. ವೈದ್ಯರು ಇದನ್ನು ರೆಡ್-ಎಸ್ ಎನ್ನುತ್ತಾರೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇಟ್ಟ ಹೆಸರು. ಆದ್ದರಿಂದ ಆಟಗಾರರಿಗೆ ಆಹಾರದ ಉಪವಾಸ ಸೂಚಿಸಬೇಡಿ. ಅವರಾಗಿ ಮಾಡುತ್ತೇನೆಂದರೆ ತಂಡದ ಪೋಷಣಾ ತಜ್ಞರನ್ನು ಕೇಳಲು ಹೇಳಿ. ಫೋನನ್ನು, ತಮ್ಮದೇ ಅಂಕಿಅಂಶ ನೋಡುವುದನ್ನು ಬಿಡಲು ಹೇಳಿದರೆ ಅದೇ ದೊಡ್ಡ ತ್ಯಾಗ.

ಪ್ರಾರ್ಥನಾ ವಿನಂತಿಯೂ ಅಪಾಯವಾಗಬಹುದು ಎಂದರೆ ಹಲವರು ನಂಬುವುದಿಲ್ಲ. 2018ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕ್ರೀಡಾ ಬೆಟ್ಟಿಂಗಿಗೆ ರಾಜ್ಯಗಳಲ್ಲಿ ದಾರಿ ತೆರೆಯಿತು. ಆಮೇಲೆ ಯಾರ ಮೊಣಕಾಲು ನೋಯುತ್ತಿದೆ ಎಂಬ ಸುದ್ದಿಗೆ ಬೆಲೆ ಬಂದಿದೆ. ಸಭೆಯ (ಚರ್ಚಿನ) ವಾಟ್ಸಾಪ್ ಗುಂಪಿನಲ್ಲಿ "ನಮ್ಮ ಹುಡುಗನ ಮಂಡಿಗಾಗಿ ಪ್ರಾರ್ಥಿಸಿ" ಎಂದು ಶುಕ್ರವಾರ ಹಾಕಿದರೆ ಶನಿವಾರದ ಪಂದ್ಯದ ಒಳಸುದ್ದಿ ಹೊರಹೋದಂತೆ. ಹೆಸರು, ಗಾಯ, ಆಡುತ್ತಾನೋ ಇಲ್ಲವೋ ಎಂಬುದು ನಿಮ್ಮ ಪ್ರಾರ್ಥನೆಯಲ್ಲೇ ಇರಲಿ.

ಕೋಚ್‌ಗೂ ಹೇಳಬೇಡಿ. ಕೋಚ್ ನಿಮ್ಮನ್ನು ಕರೆದು "ಆ ಹುಡುಗನ ತಲೆಯಲ್ಲಿ ಏನಿದೆ?" ಎಂದು ಕೇಳುವ ದಿನ ಬಂದೇ ಬರುತ್ತದೆ; ಸಭ್ಯವಾಗಿ, ಸ್ಪಷ್ಟವಾಗಿ ಇಲ್ಲ ಎನ್ನಿ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಎಚ್ಚರ ಬೇಕು. 2022ರ ಕೆನಡಿ ಪ್ರಕರಣದಲ್ಲಿ 6-3ರ ಬಹುಮತದಿಂದ ಸುಪ್ರೀಂ ಕೋರ್ಟ್ ರಕ್ಷಿಸಿದ್ದು, ಪಂದ್ಯ ಮುಗಿದ ಮೇಲೆ ಪ್ರೌಢಶಾಲೆಯ ಕೋಚ್ ಒಬ್ಬರು ವೈಯಕ್ತಿಕವಾಗಿ ಮಾಡಿದ ಪ್ರಾರ್ಥನೆಯನ್ನು. ಆಟಗಾರರನ್ನು ಬಲವಂತವಾಗಿ ಕೂರಿಸಲು ಅದು ಅನುಮತಿ ಕೊಟ್ಟಿಲ್ಲ. ಕೋಚ್ ಬಂದು ಕೂತ ಚಾಪೆಲ್‌ಗೆ ಬಾರದಿದ್ದರೆ ಆಡುವ ಅವಕಾಶ ಹೋದೀತು ಎಂದು ಅಂಜುವ ಮುಸ್ಲಿಂ, ಯಹೂದಿ, ಹಿಂದೂ ವಿದ್ಯಾರ್ಥಿಗಳು ಆ ತಂಡದಲ್ಲಿದ್ದಾರೆ. ಹಾಜರಿ ಹಿಡಿಯಬೇಡಿ, ಬಂದವರ ಫೋಟೋ ಹಾಕಬೇಡಿ. ಹೆದರಿಕೆಯಿಂದ ಮಡಿಚಿದ ಕೈ ಕ್ರಿಸ್ತನಿಗೆ ಬೇಡ.

ಹಣದ ಬಗ್ಗೆ ಎರಡೇ ಮಾತು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಗಳಿಸಬಹುದು. ಗಳಿಕೆಯ ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುವ ದಶಮಾಂಶದ ಪ್ರಶ್ನೆ ಬಂದಾಗ ನಿಮ್ಮ ಸಂಸ್ಥೆಯ ಹೆಸರು ಬಾಯಿಗೆ ಬರಬಾರದು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಕರ್ನಾಟಕದಿಂದಲೋ ಬೇರೆಲ್ಲಿಂದಲೋ ಹೋದ ವಿದ್ಯಾರ್ಥಿಯಾದರೆ, ಇಂಥ ಗಳಿಕೆ ವೀಸಾಕ್ಕೇ ತೊಡಕಾಗಬಹುದು. ಸಹಿ ಹಾಕುವ ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಕಳಿಸಿ.

ಆರಾಧನೆಯ ದಿನವಾದ ಭಾನುವಾರ ಆಡಬೇಕೇ ಎಂದು ಕೇಳುವವರು ಈಗಲೂ ಇದ್ದಾರೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಿಕ್ ಲಿಡೆಲ್ ಭಾನುವಾರದ ಕಾರಣಕ್ಕೆ 100 ಮೀಟರ್ ಬಿಟ್ಟು, 400 ಮೀಟರ್ ಅನ್ನು 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ. ವೇಳಾಪಟ್ಟಿ ತಿಳಿದದ್ದು ತಿಂಗಳುಗಳ ಮೊದಲೇ, ಬೇರೆ ದೂರಕ್ಕೆ ಅವರು ತಯಾರಾದದ್ದು ಆ ತಿಂಗಳುಗಳಲ್ಲೇ ಎಂಬುದನ್ನು ಹೇಳುವವರು ಕಡಿಮೆ. ಆ ನಿರ್ಧಾರ ಅವರ ಮನಸ್ಸಾಕ್ಷಿಯದು. ನಿಮ್ಮ ಎದುರು ಕೂತವರ ನಿರ್ಧಾರವೂ ಅವರದೇ ಆಗಿರಲಿ. ಆಡುತ್ತೇನೆ ಎಂದರೆ ಭಾನುವಾರ ಸಂಜೆಯ ಆರಾಧನೆ ಇರುವ ಸಭೆಯನ್ನು ಹುಡುಕಿಕೊಡಿ.

ಕೊನೆಯ ವರ್ಷದವರ ಜೊತೆ ಕೊನೆಯ ಪಂದ್ಯಕ್ಕೆ ಆರು ತಿಂಗಳು ಮೊದಲೇ ಮಾತು ಶುರುಮಾಡಿ. ಆಟ ಮುಗಿದ ಮೇಲಿನ ಮೊದಲ ಆಗಸ್ಟ್ ಅಮೆರಿಕನ್ ಫುಟ್‌ಬಾಲ್, ಸಾಕರ್, ವಾಲಿಬಾಲ್ ಆಡಿದವರಿಗೆ ತುಂಬಾ ಕಠಿಣ. ಹತ್ತು ಹನ್ನೆರಡು ವರ್ಷ ಆ ತಿಂಗಳ ಅಭ್ಯಾಸದ ಕ್ಯಾಂಪಿಗೆ ಎದ್ದ ದೇಹಕ್ಕೆ ಬೆಳಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಹೋಗಲು ಎಲ್ಲಿಯೂ ಇರುವುದಿಲ್ಲ. ಕೆಲಸಕ್ಕೆಂದು ಅವರು ಹೋಗುವ ಊರಿನ ಸಭೆಯ ವಿಳಾಸ ಕೊಟ್ಟರೆ ಸಾಲದು, ಹೋಗುವುದಿಲ್ಲ. ಅಲ್ಲಿನ ಒಬ್ಬ ವ್ಯಕ್ತಿಯನ್ನು ಪದವಿ ಪ್ರದಾನಕ್ಕೆ ಮುಂಚೆಯೇ ಫೋನಿನಲ್ಲಿ ಪರಿಚಯ ಮಾಡಿಸಿ, ಮೊದಲ ಭಾನುವಾರ ಯಾರು ಎಷ್ಟು ಗಂಟೆಗೆ ಕರೆದುಕೊಂಡು ಹೋಗುತ್ತಾರೆಂಬುದನ್ನು ಮೂವರೂ ಕೂಡಿ ಗೊತ್ತುಮಾಡಿಕೊಳ್ಳಿ.